ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ?

(ಹರವೆಯ ಕಲಿಕೆಯ ಕೇಂದ್ರದಲ್ಲಿ, ಹೊಸದಾಗಿ ಓದಲು ಕಲಿತ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)



ನೀವು ಈಗ ಓದಬಲ್ಲಿರಿ. ಬಸ್ಸಿನ ಬೋರ್ಡು ಓದುತ್ತೀರಿ. ಚಾಮರಾಜನಗರದ ಬಸ್ಸು ಯಾವುದು, ಗುಂಡ್ಲುಪೇಟೆಯ ಬಸ್ಸು ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಉಳಿತಾಯ ಬರೆದಿದ್ದಾರೆ ಎಂದು ನೀವೇ ನೋಡುತ್ತೀರಿ. ಹೆಬ್ಬೆಟ್ಟು ಹೋಯಿತು, ಸಹಿ ಬಂತು.

ಈಗ ಮನೆಯಲ್ಲಿ ಒಂದು ಮಾತು ಹೇಳುತ್ತಾರೆ. "ಸೈನು ಮಾಡಾಕೆ ಕಲ್ತಾಯ್ತಲ್ಲ, ಇನ್ನೂ ಯಾಕೆ ಪುಸ್ತಕ ಇಡ್ಕೊಂಡು ಕುಂತಿದ್ದೀಯೆ? ಕತೆ ಪುಸ್ತಕ ಓದುದ್ರೆ ಮುದ್ದೆ ಬೇಯ್ತದಾ?" ಈ ಮಾತು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಹೋದ ವಾರ ಒಬ್ಬ ಅಕ್ಕ ಇದನ್ನೇ ನಮ್ಮ ಹತ್ತಿರ ಹೇಳಿ, "ಅವರಿಗೆ ಏನ್ ಹೇಳ್ಲಿ ಟೀಚರಮ್ಮ?" ಎಂದು ಕೇಳಿದರು. ಅದಕ್ಕೇ ಇವತ್ತು ಪಾಠ ಬೇಡ, ಮಾತಾಡೋಣ ಎಂದೆವು. ಕಥೆ ಎಂದರೆ ಏನು, ಪದ್ಯ ಎಂದರೆ ಏನು, ನಾಟಕ ಎಂದರೆ ಏನು, ಇವನ್ನು ಓದುವುದು ಹೇಗೆ ಎಂದು ನಮಗೆ ತಿಳಿದಷ್ಟು ಹೇಳುತ್ತೇವೆ. ಮುದ್ದೆ ಬೇಯುವುದಿಲ್ಲ, ನಿಜ. ಮುದ್ದೆ ಬೇಯಿಸುವುದು ನಿಮಗೆ ಗೊತ್ತೇ ಇದೆ, ಅದಕ್ಕೆ ಪುಸ್ತಕ ಬೇಕಾಗಿಲ್ಲ.

ಮೊದಲೇ ಒಂದು ಮಾತು. ಕಥೆ, ಪದ, ನಾಟಕ ನಿಮಗೆ ಹೊಸವಲ್ಲ. ಅಕ್ಷರ ಹೊಸದು, ಅಷ್ಟೆ. ನಮ್ಮ ಸೀಮೆ ಹಾಡಿನ ಸೀಮೆ. ಕಂಸಾಳೆಯವರು ಮಾದಪ್ಪನ ಕಥೆ ಹಾಡುತ್ತಾರೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಾರೆ. ರಾತ್ರಿ ಶುರುವಾದರೆ ಬೆಳಗಾದರೂ ಮುಗಿಯುವುದಿಲ್ಲ. ಮದುವೆಮನೆಯಲ್ಲಿ ಸೋಬಾನೆ ಹಾಡುವವರು ನೀವೇ. ಅಜ್ಜಿಯ ತೊಡೆಯ ಮೇಲೆ ಮಲಗಿ ಕಥೆ ಕೇಳದೆ ಬೆಳೆದವರು ಇಲ್ಲಿ ಯಾರಿದ್ದೀರಿ? ಶಾಲೆಗೆ ಹೋಗಿ ಹತ್ತು ವರ್ಷ ಓದಿದವರಿಗೂ ಬಾರದಷ್ಟು ಪದ ನಿಮ್ಮ ಬಾಯಲ್ಲಿ ಇದೆ.

ಹಾಗಾದರೆ ಒಂದು ಕಥೆಯಿಂದಲೇ ಶುರು ಮಾಡೋಣ. ಮಾದಪ್ಪನ ಹಾಡಿನಲ್ಲಿ ಒಂದೊಂದು ಭಾಗಕ್ಕೂ 'ಸಾಲು' ಎನ್ನುತ್ತಾರೆ. ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಅದರಲ್ಲಿ ಸಂಕಮ್ಮನ ಸಾಲು ಒಂದು. ಹಾಡುವವರಿಂದ ಹಾಡುವವರಿಗೆ ಅಲ್ಲಲ್ಲಿ ಬದಲಾಗುತ್ತದೆ. ಆದರೆ ಎಳೆ ಒಂದೇ.

ಸಂಕಮ್ಮನ ಗಂಡ ನೀಲಯ್ಯ. ಮಕ್ಕಳಿಲ್ಲ. ನೀಲಯ್ಯ ಕಾಡಿಗೆ ಹೊರಡಬೇಕು. ಹೋದರೆ ಎಷ್ಟೋ ದಿನ ಬರುವುದಿಲ್ಲ. ಅವನಿಗೆ ಅನುಮಾನ. ನಾನಿಲ್ಲದಾಗ ಇವಳು ಹೇಗಿರುತ್ತಾಳೋ ಎಂದು. ಅದಕ್ಕೆ ಹೆಂಡತಿಯ ಹತ್ತಿರ ಬಲಗೈ ಭಾಷೆ ಕೇಳುತ್ತಾನೆ. ಬೇರೆ ಗಂಡಸಿನ ಕಡೆ ನೋಡುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಆಣೆ ಮಾಡು ಎನ್ನುತ್ತಾನೆ. ಸಂಕಮ್ಮ ಭಾಷೆ ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ. ಆದರೂ ಕೊಡುವುದಿಲ್ಲ. ಕಾಡಿನಲ್ಲಿ ಅವಳನ್ನು ಗುಡಿಸಲಿನೊಳಗೆ ಬಂಧಿಸಿಟ್ಟು ಅವನು ಹೊರಟುಹೋಗುತ್ತಾನೆ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಅವಳ ಮುಂದೆ ಬಂದು ನಿಲ್ಲುತ್ತಾನೆ. ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಆ ವರದಿಂದಲೇ.

ಈ ಕಥೆ ನೀವೆಲ್ಲ ಬಲ್ಲಿರಿ. ಬೆಟ್ಟಕ್ಕೆ ನಡೆದು ಹೋದವರು, ಜಾತ್ರೆಯಲ್ಲಿ ಕೇಳಿದವರು ಬಹಳ ಜನ ಇದ್ದೀರಿ. ಈಗ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ?

ಅವಳ ಮನಸ್ಸಿನಲ್ಲಿ ತಪ್ಪಿರಲಿಲ್ಲ. ಒಂದು ಮಾತು ಹೇಳಿಬಿಟ್ಟಿದ್ದರೆ ಹಿಂಸೆ ತಪ್ಪುತ್ತಿತ್ತು. ಕೈಮೇಲೆ ಕೈ ಇಡುವುದು ಎಷ್ಟು ಹೊತ್ತಿನ ಕೆಲಸ? ಆದರೂ ಯಾಕೆ ಇಡಲಿಲ್ಲ?

ಈ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಕೇಳಿದಾಗ ಮೊದಲು ಎಲ್ಲರೂ ಸುಮ್ಮನಾದಿರಿ. ಆಮೇಲೆ ಹಿಂದೆ ಕುಳಿತ ಒಬ್ಬ ಅವ್ವ ಹೇಳಿದರು: "ಭಾಷೆ ಕೊಟ್ರೆ, ನಾನು ತಪ್ಪು ಮಾಡೋಳು ಅಂತ ಒಪ್ಕಂಡಂಗೆ ಆಯ್ತದೆ ಕಣವ್ವ." ಇನ್ನೊಬ್ಬರು ಹೇಳಿದರು: "ಇವತ್ತು ಕೊಟ್ರೆ ನಾಳೆನೂ ಕೇಳ್ತಾನೆ. ನೀರಿಗೆ ಹೋದ್ರೂ ಭಾಷೆ, ಸಂತೆಗೆ ಹೋದ್ರೂ ಭಾಷೆ." ಒಬ್ಬ ತಂಗಿ ಒಪ್ಪಲಿಲ್ಲ. "ಕೊಟ್ಟುಬುಟ್ಟಿದ್ರೆ ಆಯ್ತಿತ್ತು, ಹಟ ಯಾಕೆ ಬೇಕಿತ್ತು? ಏಟು ತಿನ್ನೋರು ಯಾರು?" ಎಂದರು. ಅದಕ್ಕೆ ಮೊದಲನೆಯ ಅವ್ವ, "ನೀಲಯ್ಯ ಯಾಕೆ ಭಾಷೆ ಕೊಡ್ನಿಲ್ಲ? ಅವನೂ ಕಾಡಿಗೆ ಹೋದವನಲ್ವಾ?" ಎಂದು ಕೇಳಿದರು. ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಿರಿ. ಅರ್ಧ ಗಂಟೆ ನಮ್ಮ ಮಾತಿಗೆ ಜಾಗವೇ ಇರಲಿಲ್ಲ.

ಅಕ್ಕಂದಿರೇ, ಕಾಲೇಜಿನಲ್ಲಿ ಇದಕ್ಕೆ ವಿಮರ್ಶೆ ಎಂದು ದೊಡ್ಡ ಹೆಸರು ಕೊಟ್ಟಿದ್ದಾರೆ. ನೀವು ಆ ದಿನ ಮಾಡಿದ್ದು ಅದನ್ನೇ. ಕಥೆಯಲ್ಲಿ ಬರುವ ಮನುಷ್ಯರಿಗೆ ಪಾತ್ರ ಎನ್ನುತ್ತೇವೆ. ಸಂಕಮ್ಮ ಒಂದು ಪಾತ್ರ, ನೀಲಯ್ಯ ಒಂದು ಪಾತ್ರ. ಆ ಪಾತ್ರ ಏನು ಮಾಡಿತು ಎಂದು ತಿಳಿಯುವುದು ಕೇಳುವ ಕೆಲಸ. ಯಾಕೆ ಮಾಡಿತು, ಮಾಡಿದ್ದು ಸರಿಯೋ, ಇನ್ನೇನು ಮಾಡಬಹುದಿತ್ತು ಎಂದು ಕೇಳಿಕೊಳ್ಳುವುದು ಓದುವ ಕೆಲಸ. ಉತ್ತರ ಒಂದೇ ಇರಬೇಕೆಂದಿಲ್ಲ. ಲೆಕ್ಕದಲ್ಲಿ ಎರಡು ಎರಡು ನಾಲ್ಕೇ ಆಗಬೇಕು. ಕಥೆಯಲ್ಲಿ ಹಾಗಲ್ಲ. ಆ ತಂಗಿ ಹೇಳಿದ್ದನ್ನೂ ತಪ್ಪು ಎನ್ನಲಾರೆವು. ಏಟು ತಿಂದವರಿಗೆ ಗೊತ್ತು ಏಟಿನ ನೋವು. ಆದರೆ ಏನು ಹೇಳಿದರೂ ಕಥೆಯೊಳಗಿನ ಒಂದು ಮಾತನ್ನು ತೋರಿಸಿ, ಇದಕ್ಕೇ ನಾನು ಹೀಗೆ ಹೇಳುತ್ತೇನೆ ಎನ್ನಬೇಕು. ಅಷ್ಟು ನಿಯಮ ಸಾಕು.

ಇನ್ನೊಂದು ವಿಷಯ ಗಮನಿಸಿ. ನೂರಾರು ವರ್ಷದಿಂದ ಈ ಸಾಲನ್ನು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದವರು ಹೆಚ್ಚಾಗಿ ಗಂಡಸರು, ದೇವರಗುಡ್ಡರು. ಕೇಳಿದವರಲ್ಲಿ ಹೆಂಗಸರು ಗಂಡಸರು ಇಬ್ಬರೂ ಇದ್ದರು. ಆದರೂ ಹಾಡಿನೊಳಗೆ ಸಂಕಮ್ಮ ಸೋಲಲಿಲ್ಲ. ಗಂಡನ ಅನುಮಾನವೇ ಸೋತಿತು. ಇದನ್ನು ನೆನೆದಾಗ ನಮಗೆ ಪ್ರತಿಸಲವೂ ಆಶ್ಚರ್ಯವಾಗುತ್ತದೆ. ಈ ಹಾಡನ್ನು ಹಾಡಿಸಿ, ಬರೆದುಕೊಂಡು ಪುಸ್ತಕ ಮಾಡಿದವರು ಇದ್ದಾರೆ. ಪಿ. ಕೆ. ರಾಜಶೇಖರ ಅವರು 'ಮಲೆಯ ಮಾದೇಶ್ವರ' ಎಂದು 1973ರಲ್ಲಿ ಅಚ್ಚು ಹಾಕಿಸಿದರು. ದಪ್ಪ ಪುಸ್ತಕ. ನೀವು ಕಿವಿಯಿಂದ ಕೇಳಿದ್ದನ್ನು ಕಣ್ಣಿನಿಂದ ನೋಡಬಹುದು. ಒಂದು ಪುಟ ಓದಿದರೂ ನಿಮ್ಮ ಮನೆಯ ಮಾತೇ ಅಲ್ಲಿದೆ ಎಂದು ಗೊತ್ತಾಗುತ್ತದೆ.

ಬರೆದಿಡುವುದರ ಮಾತು ಬಂತು. ಅದಕ್ಕೂ ಒಂದು ಕಥೆ ಇದೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಎಂಬ ಕವಿ ಇದ್ದರು. ಅಮೆರಿಕಾದಲ್ಲಿ ಮೇಷ್ಟ್ರಾಗಿದ್ದರು. 1993ರಲ್ಲಿ ತೀರಿಕೊಂಡರು. ಅವರು ಕನ್ನಡ ನಾಡಿನ ಅಜ್ಜಿಯರು ಹೇಳುವ ಕಥೆಗಳನ್ನು ಕೂಡಿಹಾಕಿದರು. ಅದರಲ್ಲಿ ಒಂದು ಹೀಗಿದೆ.

ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು. ಒಂದು ಹಾಡೂ ಗೊತ್ತಿತ್ತು. ಆದರೆ ಆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೂ ಹಾಡಲಿಲ್ಲ. ಅವಳ ಹೊಟ್ಟೆಯೊಳಗೆ ಕಥೆಗೂ ಹಾಡಿಗೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಗೆ ಬಂತು. ಒಂದು ಜೊತೆ ಜೋಡಾಗಿ ಬಾಗಿಲ ಬಳಿ ಕುಳಿತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಮನೆಗೆ ಬಂದ. ಜೋಡು ನೋಡಿದ, ಕೋಟು ನೋಡಿದ. "ಯಾರು ಬಂದಿದ್ದರು?" ಎಂದ. "ಯಾರೂ ಬಂದಿಲ್ಲ" ಎಂದಳು. "ಈ ಜೋಡು ಯಾರದು?" "ಗೊತ್ತಿಲ್ಲ." ದೊಡ್ಡ ಜಗಳವಾಯಿತು. ಗಂಡ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ.

ರಾತ್ರಿ ಊರಿನ ದೀಪವೆಲ್ಲ ಆರಿದ ಮೇಲೆ, ದೀಪದ ಕುಡಿಗಳೆಲ್ಲ ಆ ಗುಡಿಗೆ ಬಂದು ಸೇರಿ ಮಾತಾಡುತ್ತವಂತೆ. ಆ ದಿನ ಒಂದು ಕುಡಿ ತಡವಾಗಿ ಬಂತು. "ಯಾಕೆ ತಡ?" ಎಂದು ಉಳಿದವು ಕೇಳಿದವು. "ನಮ್ಮ ಮನೆಯಲ್ಲಿ ಗಂಡ ಹೆಂಡಿರ ಜಗಳ, ಈಗಷ್ಟೇ ದೀಪ ಆರಿಸಿದರು" ಎಂದು ಅದು ನಡೆದದ್ದೆಲ್ಲ ಹೇಳಿತು. ಮಲಗಿದ್ದ ಗಂಡ ಅದನ್ನು ಕೇಳಿಸಿಕೊಂಡ. ಅನುಮಾನ ಹೋಯಿತು. ಬೆಳಗ್ಗೆ ಮನೆಗೆ ಹೋಗಿ, "ನಿನಗೆ ಗೊತ್ತಿದ್ದ ಕಥೆ ಯಾವುದು, ಹಾಡು ಯಾವುದು, ಹೇಳು" ಎಂದ. ಅವಳು, "ಯಾವ ಕಥೆ? ಯಾವ ಹಾಡು?" ಎಂದಳು. ಅವಳಿಗೆ ಮರೆತೇಹೋಗಿತ್ತು.

ಈ ಕಥೆಯ ಕೊನೆ ನಿಮಗೆ ಹೇಗೆ ಕಂಡಿತು? ಅನುಮಾನ ಹೋಯಿತು, ಸಂತೋಷ. ಆದರೆ ಕಥೆ ಹೋಯಿತಲ್ಲ! ನಮಗೆ ಅದೇ ಹೊಟ್ಟೆ ಉರಿಯುತ್ತದೆ. ನಿಮ್ಮ ಬೀದಿಯಲ್ಲೂ ರಾಗಿ ಬೀಸುವಾಗ ನೂರು ಪದ ಹಾಡುತ್ತಿದ್ದ ಅಜ್ಜಿಯರು ಇದ್ದರು. ಊರಿಗೆ ಹಿಟ್ಟಿನ ಗಿರಣಿ ಬಂತು, ಒಳ್ಳೆಯದೇ ಆಯಿತು, ರಟ್ಟೆ ನೋವು ಹೋಯಿತು. ಆದರೆ ಬೀಸುವ ಕಲ್ಲು ಮೂಲೆ ಸೇರಿದ ಹಾಗೆ ಪದವೂ ಮೂಲೆ ಸೇರಿತು. ಅಜ್ಜಿ ಮಣ್ಣಿಗೆ ಹೋದಾಗ ಪದವೂ ಹೋಯಿತು. ಈಗ ನಿಮ್ಮ ಕೈಯಲ್ಲಿ ಪೆನ್ಸಿಲ್ ಇದೆ.

ಪದದ ಮಾತಿಗೆ ಬರೋಣ. ಪುಸ್ತಕದಲ್ಲಿ ಪದ್ಯ, ಕವಿತೆ ಎನ್ನುತ್ತಾರೆ. ಪುಟ ತೆರೆದ ಕೂಡಲೇ ಗುರುತು ಸಿಗುತ್ತದೆ. ಕಥೆಯ ಸಾಲು ಪುಟದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಪದ್ಯದ ಸಾಲು ಅರ್ಧಕ್ಕೇ ನಿಂತು ಕೆಳಗೆ ಇಳಿಯುತ್ತದೆ. ಅಲ್ಲಿ ನಿಲ್ಲು, ಉಸಿರು ತಗೋ, ಆಮೇಲೆ ಮುಂದಕ್ಕೆ ಹೋಗು ಎಂದು ಹೇಳುವುದಕ್ಕೇ ಹಾಗೆ ಮಾಡಿರುತ್ತಾರೆ. ಆದ್ದರಿಂದ ಪದ್ಯವನ್ನು ಮನಸ್ಸಿನಲ್ಲೇ ಓದಬೇಡಿ. ಬಾಯಿಬಿಟ್ಟು ಓದಿ. ಒಂದು ಸಲ ಓದಿದರೆ ಸಾಲದು. ಮೂರು ಸಲ ಓದಿ.

ಒಂದು ಸಣ್ಣ ಪದ ಓದೋಣ. ಇದು ದೊಡ್ಡ ಕವಿಗಳದ್ದಲ್ಲ, ಈ ತರಗತಿಗೆಂದು ನಾವೇ ಕಟ್ಟಿದ್ದು. ಯಾರು ಮಾತಾಡುತ್ತಿದ್ದಾರೆ ಎಂದು ಊಹಿಸಿ.

ಒಂಬತ್ತು ತಿಂಗಳು ಮಣ್ಣೊಳಗಿದ್ದೆ,
ಅಗೆದರು, ಬೇಯ್ಸಿದರು, ಬಿಸಿಲಿಗೆ ಬಿದ್ದೆ.
ಮೂಟೆಯ ಒಳಗೆ ಪ್ಯಾಟೆಗೆ ಹೋದೆ,
ಯಾರದೋ ಜೇಬಲ್ಲಿ ನೋಟಾಗಿ ಹೋದೆ.
ಅಗೆದವಳ ಕೈಯಾಗೆ ಏನದೆ ನೋಡವ್ವ?
ನನ್ನ ಬಣ್ಣ ಒಂದೇ ಉಳಿದದೆ ನೋಡವ್ವ.

ಗೊತ್ತಾಯಿತಲ್ಲ? ಅರಿಶಿನ. ನಮ್ಮ ಕಡೆ ಹೊಲದ ತುಂಬ ಅರಿಶಿನ. ಅದನ್ನು ಅಗೆದು, ಬಿಡಿಸಿ, ಬೇಯಿಸಿ, ಒಣಗಿಸುವ ಕೆಲಸ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಈ ಪದದಲ್ಲಿ 'ಅರಿಶಿನ' ಎಂಬ ಮಾತೇ ಇಲ್ಲ. ಆದರೂ ನಿಮಗೆ ತಿಳಿಯಿತು. ಪದ್ಯ ಹೀಗೆಯೇ. ಎಲ್ಲವನ್ನೂ ಹೇಳುವುದಿಲ್ಲ. ಅರ್ಧ ಹೇಳಿ ಅರ್ಧ ನಿಮಗೆ ಬಿಡುತ್ತದೆ. ಒಗಟು ಬಿಡಿಸುವವರಿಗೆ ಇದು ಕಷ್ಟವೇ ಅಲ್ಲ.

ಈಗ ಮತ್ತೊಂದು ಸಲ ಓದಿ. ಒಂಬತ್ತು ತಿಂಗಳು ಎಂದಾಗ ಅರಿಶಿನ ಬಿಟ್ಟು ಬೇರೆ ಏನಾದರೂ ನೆನಪಾಯಿತೇ? ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ, "ಬಸುರಿ" ಎಂದರು. ಇನ್ನೊಬ್ಬರು "ಇದು ಹೆಣ್ಣುಮಗಳ ಪಾಡು ಕಣವ್ವ, ತೌರಿಂದ ಅಗೆದು ತಕ್ಕೊಂಡೋದಂಗೆ" ಎಂದರು. ನಿಜ ಹೇಳಬೇಕೆಂದರೆ ನಾವು ಕಟ್ಟುವಾಗ ಅಷ್ಟು ಯೋಚಿಸಿರಲಿಲ್ಲ. ಕೂಲಿಯ ಲೆಕ್ಕ ಒಂದೇ ನಮ್ಮ ತಲೆಯಲ್ಲಿತ್ತು. ಆದರೆ ಅವರು ಹೇಳಿದ್ದೂ ಪದದಲ್ಲಿ ಇದೆ. ಬರೆದವರಿಗಿಂತ ಓದಿದವರು ಹೆಚ್ಚು ಕಾಣಬಹುದು.

ಅರಿಶಿನ ಬಾಯಿಬಿಟ್ಟು ಮಾತಾಡುವುದು ಸುಳ್ಳಲ್ಲವೇ ಎಂದು ಕೆಲವರು ಕೇಳಬಹುದು. ಸುಳ್ಳೇ. ಕಥೆ ಜೋಡಾಗುವುದೂ ಸುಳ್ಳು. ಆದರೆ ಮೋಸ ಮಾಡುವ ಸುಳ್ಳಲ್ಲ. ಅಗೆದವಳ ಕೈಗೆ ದುಡ್ಡು ಬಾರದಿರುವುದು ಸುಳ್ಳೇ? ಗಂಡನ ಅನುಮಾನ ಸುಳ್ಳೇ? ಹೊರಗಿನ ಬಟ್ಟೆ ಸುಳ್ಳು, ಒಳಗಿನ ಮೈ ನಿಜ. ಕಥೆ ಪದ್ಯಗಳನ್ನು ಓದುವಾಗ ಈ ಎರಡನ್ನೂ ಬೇರೆ ಮಾಡಿ ನೋಡಲು ಬರಬೇಕು.

ನಮ್ಮ ಪಕ್ಕದ ಯಳಂದೂರಿನಲ್ಲೇ ಒಬ್ಬ ಹೆಣ್ಣುಮಗಳು ಕವಿಯಾಗಿದ್ದಳು. ಅವಳ ಹೆಸರು ಹೊನ್ನಮ್ಮ. ಮುನ್ನೂರು ವರ್ಷಕ್ಕೂ ಹಿಂದಿನ ಮಾತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ. 1673ರಿಂದ 1704ರವರೆಗೆ ಅವರ ಆಳ್ವಿಕೆ. ಹೊನ್ನಮ್ಮ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದಳು. ಅದಕ್ಕೇ ಸಂಚಿ ಹೊನ್ನಮ್ಮ ಎಂದು ಹೆಸರು. ಈಗಿನ ಮಾತಿನಲ್ಲಿ ಹೇಳುವುದಾದರೆ ಮನೆಕೆಲಸದವಳು. ಅಂಥವಳು ಓದು ಕಲಿತು 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಹಾಡಲು ಬರುವ ಹಾಗೆ ಸಾಂಗತ್ಯದಲ್ಲಿ ಬರೆದಳು.

ಆ ಪುಸ್ತಕದಲ್ಲಿ ಹೆಂಡತಿ ಹೇಗೆ ನಡೆಯಬೇಕು ಎಂದು ಬಹಳ ಬುದ್ಧಿ ಹೇಳಿದ್ದಾಳೆ. ಗಂಡನಿಗೆ ಎದುರಾಡಬಾರದು, ಅತ್ತೆಮಾವನ ಸೇವೆ ಮಾಡಬೇಕು, ಹೀಗೆ. ಓದಿದರೆ ಈಗಿನವರಿಗೆ ಸಿಟ್ಟು ಬರುವ ಮಾತೂ ಇದೆ. ಆದರೆ ಅದೇ ಪುಸ್ತಕದಲ್ಲಿ ಒಂದು ಕಡೆ ಅವಳ ದನಿಯೇ ಬದಲಾಗುತ್ತದೆ. ಹೆಣ್ಣು ಹುಟ್ಟಿತು ಎಂದು ಮುಖ ಸಣ್ಣ ಮಾಡುವವರನ್ನು, ಹೆಣ್ಣನ್ನು ಕೀಳಾಗಿ ಕಾಣುವವರನ್ನು ಹೊನ್ನಮ್ಮ ನೇರವಾಗಿ ಕೇಳುತ್ತಾಳೆ: ನಿಮ್ಮನ್ನು ಹೆತ್ತವಳು ಯಾರು, ಸಾಕಿದವಳು ಯಾರು, ಅವಳೂ ಹೆಣ್ಣೇ ಅಲ್ಲವೇ ಎಂದು. ಅಂಥವರನ್ನು ತಿಳಿಗೇಡಿಗಳು ಎಂದೇ ಬೈಯುತ್ತಾಳೆ.

ಅರಮನೆಯ ಕೆಲಸದವಳು ಮುನ್ನೂರು ವರ್ಷದ ಹಿಂದೆ ಹೀಗೆ ಕೇಳಿದಳು. ಹಾಗಾದರೆ ಹೊನ್ನಮ್ಮ ನಮ್ಮ ಕಡೆಯವಳೋ, ಅಲ್ಲವೋ? ನಮ್ಮ ಅನಿಸಿಕೆ ಹೇಳುತ್ತೇವೆ. ಪುಸ್ತಕವನ್ನು ಸೊಪ್ಪು ಬಿಡಿಸಿದ ಹಾಗೆ ಓದಬೇಕು. ಎಲೆ ಬೇರೆ, ದಂಟು ಬೇರೆ, ಹುಳ ತಿಂದದ್ದು ಬೇರೆ. ಹೊನ್ನಮ್ಮನ ಆ ಪ್ರಶ್ನೆಯನ್ನು ಇಟ್ಟುಕೊಳ್ಳೋಣ. ಎದುರಾಡಬೇಡ ಎಂಬ ಬುದ್ಧಿಮಾತನ್ನು ಆ ಕಾಲಕ್ಕೇ ಬಿಡೋಣ. ಅಚ್ಚಾಗಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಈ ಪುಸ್ತಕಕ್ಕೂ ಅದೇ ಮಾತು. ನಾವು ಹೇಳಿದ್ದೂ ಸರಿ ಕಾಣದಿದ್ದರೆ ಎದ್ದು ಕೇಳಿ.

ಈಗಿನ ಕಾಲದ ಕಥೆ ಓದಬೇಕೆನ್ನುವವರಿಗೆ ತ್ರಿವೇಣಿಯವರ ಕಾದಂಬರಿ ಒಳ್ಳೆಯದು. ಕಾದಂಬರಿ ಎಂದರೆ ಉದ್ದ ಕಥೆ, ಒಂದು ಪುಸ್ತಕದ ತುಂಬ ಒಂದೇ ಕಥೆ. ತ್ರಿವೇಣಿ ಮಂಡ್ಯದಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಬಾಳಿದವರು. 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ 'ಬೆಳ್ಳಿಮೋಡ' 1967ರಲ್ಲಿ ಸಿನಿಮಾ ಆಯಿತು. ಟಿವಿಯಲ್ಲಿ ನೋಡಿದವರು ಇದ್ದೀರಿ. ಇಂದಿರಾ ಎಂಬ ಹುಡುಗಿ. ಆಸ್ತಿಗೆ ಒಬ್ಬಳೇ ಮಗಳು. ಮೋಹನ ಎಂಬ ಹುಡುಗನನ್ನು ಅವಳ ಅಪ್ಪ ಓದಿಸುತ್ತಾನೆ, ಮಗಳನ್ನು ಅವನಿಗೇ ಕೊಡಬೇಕೆಂದು. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಸಿಗುವುದಿಲ್ಲ ಎಂದು ತಿಳಿದ ಮೋಹನ ಮದುವೆ ಬೇಡ ಎನ್ನುತ್ತಾನೆ. ಮುಂದೆ ಅವನು ಪೆಟ್ಟು ಬಿದ್ದು ಮಲಗಿದಾಗ ಇಂದಿರಾಳೇ ಉಪಚಾರ ಮಾಡುತ್ತಾಳೆ. ಅವನಿಗೆ ಮನಸ್ಸು ತಿರುಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಉಪಚಾರ ಮಾಡಿದವಳು ಮದುವೆ ಯಾಕೆ ಒಲ್ಲೆ ಎಂದಳು? ಇದನ್ನೂ ಸಂಕಮ್ಮನ ಪ್ರಶ್ನೆಯ ಪಕ್ಕದಲ್ಲಿ ಇಟ್ಟು ನೋಡಿ. ಒಬ್ಬಳು ಭಾಷೆ ಕೊಡಲಿಲ್ಲ, ಇನ್ನೊಬ್ಬಳು ಕೈ ಕೊಡಲಿಲ್ಲ.

ನಮ್ಮ ಆಡುಮಾತಿನಲ್ಲೇ ಬರೆದ ಪುಸ್ತಕವೂ ಇದೆ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ 'ಕುಸುಮಬಾಲೆ'. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲೂ ದೀಪದ ಜೋತಮ್ಮಗಳು ರಾತ್ರಿ ಕೂಡಿ ಮಾತಾಡುತ್ತಾರೆ. ಪೇಟೆಯಲ್ಲಿ ಓದಿದವರು ಆ ಪುಸ್ತಕ ಕಷ್ಟ, ಭಾಷೆ ತಿಳಿಯುವುದಿಲ್ಲ ಎನ್ನುತ್ತಾರೆ. ಅದನ್ನು ಕೇಳಿ ನಮಗೆ ಒಳಗೊಳಗೇ ನಗು. ನಿಮ್ಮ ಮಾತು ಅವರಿಗೆ ಕಷ್ಟ! ಒಂದು ದಿನ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತೇವೆ. ನೀವು ಅವರಿಗೆ ಅರ್ಥ ಹೇಳಿಕೊಡಬಹುದು.

ಇನ್ನು ನಾಟಕ. ಬೇಸಿಗೆ ಬಂದರೆ ನಮ್ಮ ಕಡೆ ಊರೂರಲ್ಲಿ ಕುರುಕ್ಷೇತ್ರ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಹಗಲು ಹೊಲ ಉತ್ತವನು ರಾತ್ರಿ ದುರ್ಯೋಧನ. ಓದು ಬಾರದವರೂ ಕೇಳಿ ಕೇಳಿ ಮಾತು ಕಲಿತು ಗದೆ ಹಿಡಿದು ನಿಲ್ಲುತ್ತಾರೆ. ನಮ್ಮ ರಾಜಕುಮಾರ್ ಅವರೂ ಹೀಗೇ ಬಂದವರು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ಕಲಾವಿದರು. ಮಗ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗುಬ್ಬಿ ಕಂಪನಿಯ ನಾಟಕ ಸೇರಿದರು. ನಾಟಕದ ಮಾತು ಕಲಿತೇ ಅಂಥ ಕನ್ನಡ ಅವರ ನಾಲಿಗೆಗೆ ಬಂತು. ಇನ್ನು ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ಸಂಸ ಎಂಬವರು ಮೈಸೂರು ಅರಸರ ಮೇಲೆ ದೊಡ್ಡ ದೊಡ್ಡ ನಾಟಕ ಬರೆದರು. ನಾಟಕಕ್ಕೂ ನಮ್ಮ ನೆಲಕ್ಕೂ ನಂಟು ಹಳೆಯದು. ಆದರೆ ಊರಿನ ನಾಟಕದಲ್ಲಿ ಹೆಂಗಸರಿಗೆ ಚಾಪೆ ಹಾಸಿ ಕೂರಲು ಜಾಗ ಇದೆ, ಮಾತಾಡಲು ಜಾಗ ಇಲ್ಲ. ದ್ರೌಪದಿಯ ಪಾತ್ರವನ್ನು ಗಂಡಸು ಮಾಡುತ್ತಾನೆ, ಇಲ್ಲವೇ ಪೇಟೆಯಿಂದ ಕರೆಸುತ್ತಾರೆ. ಸೀರೆ ಸೆಳೆದಾಗ ದ್ರೌಪದಿ ಸಭೆಯನ್ನು ಕೇಳುವ ಪ್ರಶ್ನೆಯನ್ನು ನಮ್ಮೂರ ಹೆಣ್ಣೊಬ್ಬಳು ಕೇಳಿದರೆ ಹೇಗಿರುತ್ತದೆ?

ಪುಸ್ತಕದಲ್ಲಿ ನಾಟಕ ಹೇಗಿರುತ್ತದೆ ಎಂದು ತೋರಿಸುತ್ತೇವೆ. ಎಡಗಡೆ ಪಾತ್ರದ ಹೆಸರು. ಅದರ ಮುಂದೆ ಎರಡು ಚುಕ್ಕೆ, ಒಂದರ ಕೆಳಗೆ ಒಂದು. ಅದರ ಮುಂದೆ ಆ ಪಾತ್ರ ಆಡುವ ಮಾತು. ನಡುವೆ ಕಂಸದೊಳಗೆ ಸಣ್ಣ ಮಾತು ಇರುತ್ತದೆ. ಅದು ಆಡುವ ಮಾತಲ್ಲ, ಮಾಡುವ ಕೆಲಸ. ಒಂದೂರಲ್ಲಿ ಹೊಸ ಹುಡುಗನೊಬ್ಬ ರಂಗದ ಮೇಲೆ ಬಂದು, "ಅಯ್ಯೋ ಮಗನೇ, ಅಳುತ್ತಾ ಕುಳಿತುಕೊಳ್ಳುವಳು" ಎಂದು ಕಂಸದ ಮಾತನ್ನೂ ಸೇರಿಸಿ ಗಟ್ಟಿಯಾಗಿ ಹೇಳಿದನಂತೆ! ಜನ ನಕ್ಕು ನಕ್ಕು ಸಾಕಾದರಂತೆ. ನೀವು ಹಾಗೆ ಮಾಡಬೇಡಿ.

ಸಂಕಮ್ಮನನ್ನೇ ನಾಟಕ ಮಾಡಿದರೆ ಹೀಗೆ ಶುರುವಾಗಬಹುದು:

ನೀಲಯ್ಯ: (ಬಲಗೈ ಚಾಚಿ) ಭಾಷೆ ಕೊಡು.
ಸಂಕಮ್ಮ: ಯಾಕೆ?
ನೀಲಯ್ಯ: ನಾನು ಬರೋದು ತಡ ಆಯ್ತದೆ.
ಸಂಕಮ್ಮ: ತಡ ಆದ್ರೆ ಬಾಗಿಲು ಕಾಯ್ತೀನಿ. ಭಾಷೆ ಯಾಕೆ?
ನೀಲಯ್ಯ: (ಸಿಟ್ಟಿನಿಂದ) ಕೊಡ್ತೀಯೋ ಇಲ್ವೋ?
(ಸಂಕಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ಸುಮ್ಮನೆ ನಿಲ್ಲುವಳು.)

ಇಲ್ಲಿ ಕೊನೆಯ ಸಾಲಿನಲ್ಲಿ ಮಾತೇ ಇಲ್ಲ. ಆದರೂ ಅವಳ ಉತ್ತರ ಗೊತ್ತಾಗುತ್ತದೆ. ಕಥೆಯಲ್ಲಾದರೆ "ಅವಳಿಗೆ ನೋವಾಯಿತು" ಎಂದು ಹೇಳುವವರು ಇರುತ್ತಾರೆ. ನಾಟಕದಲ್ಲಿ ಹೇಳುವವರಿಲ್ಲ. ಮಾತು, ಮೌನ, ಕೈ, ಕಾಲು ನೋಡಿ ನಾವೇ ತಿಳಿಯಬೇಕು. ಅದಕ್ಕೆ ನಾಟಕವನ್ನು ಒಬ್ಬರೇ ಓದುವುದಕ್ಕಿಂತ ನಾಲ್ಕು ಜನ ಪಾತ್ರ ಹಂಚಿಕೊಂಡು ಓದುವುದು ಚೆನ್ನ.

ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ' ಎಂಬ ನಾಟಕ ಬರೆದರು. 1997ರಲ್ಲಿ ಅದು ಸಿನಿಮಾ ಆಯಿತು. ಅದರ ಕಥೆಯನ್ನು ಅವರಿಗೆ ಹೇಳಿದವರು ಆಗಲೇ ಹೆಸರು ಬಂದ ರಾಮಾನುಜನ್. ಅಲ್ಲೂ ದೀಪದ ಕುಡಿಗಳು ಗುಡಿಗೆ ಬರುತ್ತವೆ. ಅಲ್ಲೂ ಒಬ್ಬ ಗಂಡ, ಅಪ್ಪಣ್ಣ. ಹೆಂಡತಿ ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಹಾಕಿಕೊಂಡು ಹೋಗುತ್ತಾನೆ. ಮಧ್ಯಾಹ್ನ ಉಣ್ಣಲು ಮಾತ್ರ ಬರುತ್ತಾನೆ. ರಾತ್ರಿ ಒಂದು ನಾಗರಹಾವು ಗಂಡನ ರೂಪದಲ್ಲಿ ಬರುತ್ತದೆ, ಅವಳ ಜೊತೆ ಪ್ರೀತಿಯಿಂದ ಮಾತಾಡುತ್ತದೆ. ಅವಳು ಬಸುರಿಯಾದಾಗ ಗಂಡ ಪಂಚಾಯ್ತಿ ಸೇರಿಸುತ್ತಾನೆ. ಹುತ್ತಕ್ಕೆ ಕೈಯಿಟ್ಟು ಆಣೆ ಮಾಡುತ್ತೇನೆ ಎಂದು ರಾಣಿಯೇ ಹೇಳುತ್ತಾಳೆ. ರಾಣಿ ಹಾವನ್ನೇ ಹಿಡಿದು, ನನ್ನ ಗಂಡನನ್ನು ಮತ್ತು ಈ ಹಾವನ್ನು ಬಿಟ್ಟು ಬೇರೆ ಯಾವ ಗಂಡನ್ನೂ ನಾನು ಮುಟ್ಟಿಲ್ಲ ಎನ್ನುತ್ತಾಳೆ. ಹಾವು ಕಚ್ಚುವುದಿಲ್ಲ, ಹೆಡೆ ಎತ್ತುತ್ತದೆ. ಜನ ಅವಳ ಕಾಲಿಗೆ ಬೀಳುತ್ತಾರೆ.

ಸಂಕಮ್ಮ ಆಣೆ ಮಾಡಲಿಲ್ಲ. ರಾಣಿ ಆಣೆ ಮಾಡಿದಳು. ಇಬ್ಬರಲ್ಲಿ ಯಾರ ದಾರಿ ನಿಮಗೆ ಹಿಡಿಸಿತು? ಬೀಗ ಹಾಕಿದ ಅಪ್ಪಣ್ಣನನ್ನು ಪಂಚಾಯ್ತಿ ಯಾಕೆ ಏನೂ ಕೇಳಲಿಲ್ಲ? ಇದರ ಉತ್ತರ ನಾವು ಹೇಳುವುದಿಲ್ಲ. ತರಗತಿಯಲ್ಲಿ ಕೂತು ಜಗಳ ಮಾಡೋಣ. ಮನೆಯಲ್ಲಿ ಆಡಲಾಗದ ಮಾತನ್ನು ಸಂಕಮ್ಮನ ಹೆಸರಿನಲ್ಲಿ, ರಾಣಿಯ ಹೆಸರಿನಲ್ಲಿ ಇಲ್ಲಿ ಆಡಬಹುದು. ನಿಮ್ಮ ಮನೆಯ ಗುಟ್ಟು ಯಾರೂ ಕೇಳುವುದಿಲ್ಲ, ನೀವೂ ಹೇಳಬೇಕಾಗಿಲ್ಲ. ಆದರೂ ಒಳಗೆ ಇದ್ದದ್ದು ಹೊರಗೆ ಬಂದಿರುತ್ತದೆ. "ಕತೆ ಓದುದ್ರೆ ಏನ್ ಬಂತು?" ಎಂದು ಕೇಳುವವರಿಗೆ ಆ ಅಕ್ಕ ಇದನ್ನು ಹೇಳಬಹುದು. ಹೇಳದೆ ಸುಮ್ಮನಿದ್ದು ಓದುತ್ತಾ ಕೂತರೂ ಸರಿಯೇ.

ಬರುವ ವಾರಕ್ಕೆ ಎರಡು ಕೆಲಸ. ಮೊದಲನೆಯದು, ನಿಮ್ಮ ಅಜ್ಜಿಯೋ ಅತ್ತೆಯೋ ಹೇಳುವ ಒಂದು ಪದ, ನಾಲ್ಕೇ ಸಾಲಾದರೂ ಸರಿ, ಬರೆದುಕೊಂಡು ಬನ್ನಿ. ಕಾಗುಣಿತ ತಪ್ಪಿದರೆ ಆಮೇಲೆ ತಿದ್ದೋಣ. ಹೇಳಿದವರ ಹೆಸರು ಕೆಳಗೆ ಬರೆಯಿರಿ. ಎರಡನೆಯದು, ಮೇಲೆ ಕೊಟ್ಟ ನಾಟಕದ ಆರು ಸಾಲು ಅರ್ಧಕ್ಕೇ ನಿಂತಿದೆ. ಸಂಕಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಾಳೆ. ಇನ್ನು ಮುಂದಿನ ಮಾತು ಯಾರದು? ನಿಮಗೆ ತೋಚಿದ್ದನ್ನು ಬರೆಯಿರಿ. ನೀಲಯ್ಯನ ಪಾತ್ರ ಓದಲು ದನಿ ಗಟ್ಟಿ ಇರುವವರು ಒಬ್ಬರು ಬೇಕು. ಹಿಂದೆ ಕುಳಿತ ಅವ್ವ ಸಂಕಮ್ಮನ ಪಾತ್ರ ತಮಗೇ ಬೇಕು ಎಂದು ಆಗಲೇ ಹೇಳಿಬಿಟ್ಟಿದ್ದಾರೆ.